ನವನಗರ ಅಂಚೆ ಕಚೇರಿಯ ಆ ಅಕ್ಕಾವ್ರಿಗೆ

ಅಂಗವಿಕಲ ವೇತನದ ಮಂಜೂರಾತಿ ಆದೇಶ ಕೈಯಲ್ಲಿತ್ತು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡೂ ಇತ್ತು, ಶೇ. 40ರ ಮಿತಿಗಿಂತ ಅಂಗವೈಕಲ್ಯದ ಪ್ರಮಾಣವೂ ಹೆಚ್ಚೇ. ಆದರೂ ಕಾಕಾನ ಖಾತೆಗೆ ರೊಕ್ಕ ಬೀಳಲೊಲ್ಲದು. ಬ್ಯಾಂಕಿನವರದು ಒಂದೇ ಮಾತು: "ಆಧಾರ್ ಲಿಂಕ್ ಐತಿ."

ಬಾಗಲಕೋಟೆ ನವನಗರದ ಅಂಚೆ ಕಚೇರಿಯ ಆ ಅಕ್ಕಾವ್ರು ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು, ತೆಗೆದರು. ಮೊಬೈಲಿಗೆ ಓಟಿಪಿ ಬಂತು, ಕಾರಣ ತೆರೆಯ ಮೇಲೇ ಕಂಡಿತು. ಬ್ಯಾಂಕಿನಲ್ಲಿ ಗುರುತು ಖಚಿತಪಡಿಸುವ ಕೆವೈಸಿಗೆ ಆಧಾರ್ ಕೊಟ್ಟಿದ್ದರೆ ಸಾಲದು. ಸರ್ಕಾರದ ನೇರ ಪಾವತಿ ಹೋಗುವುದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಆಧಾರ್-ಬ್ಯಾಂಕ್ ಜೋಡಣೆ ಪಟ್ಟಿಯಲ್ಲಿ ಇರುವ ಬ್ಯಾಂಕಿಗೆ. ಒಂದು ಆಧಾರಿಗೆ ಅಲ್ಲಿ ಒಂದೇ ಬ್ಯಾಂಕ್. ಕಾಕಾನದು ಹಿಂದೆ ಉದ್ಯೋಗ ಖಾತ್ರಿ ಕೂಲಿ ಬರುತ್ತಿದ್ದ, ಈಗ ನಿಷ್ಕ್ರಿಯವಾದ ಖಾತೆಯ ಬ್ಯಾಂಕಿಗೇ ಅಂಟಿಕೊಂಡಿತ್ತು.

ಮೆಟ್ಟಿಲು ಹತ್ತಲಾಗದ ಕಾಕಾ ಆಟೋದಲ್ಲೇ ಕುಂತಿದ್ದ. ಅಕ್ಕಾವ್ರು ಬೆರಳಚ್ಚು ಯಂತ್ರ ಹಿಡಿದು ಅಲ್ಲಿಗೇ ಬಂದರು. ಊರುಗೋಲು ಹಿಡಿದು ಸವೆದ ಹೆಬ್ಬೆರಳು ಹತ್ತಲಿಲ್ಲ. ಒದ್ದೆ ಬಟ್ಟೆಯಿಂದ ಬೆರಳು ಒರೆಸಿ, ಗಾಜನ್ನೂ ಒರೆಸಿ, ಎಡಗೈಯ ನಡುಬೆರಳು ಇಡಿಸಿದರು. ಹತ್ತಿತು! ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ಅಲ್ಲೇ ತೆರೆಯಿತು. ನೇರ ಪಾವತಿಯ ಸಮ್ಮತಿಗೆ ಗುರುತು ಹಾಕುವ ಮುಂಚೆ, "ಇದು ಬಿಟ್ರ ಮತ್ತ ಅದೇ ಹಾಡು ನೋಡ್ರಿ" ಅಂತ ತೆರೆ ನಮ್ಮ ಕಡೆ ತಿರುಗಿಸಿ ತೋರಿಸಿದರು. ಹೊಸ ಖಾತೆ ಸಂಖ್ಯೆಯನ್ನು ಮಂಜೂರಾತಿ ಪ್ರತಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದೂ ಕೊಟ್ಟರು, ಕಾಕಾನ ಕಣ್ಣಿಗೆ ಕಾಣುವಷ್ಟು.

ವೇತನ ಈಗ ಬರುತ್ತಿದೆ, ಪೋಸ್ಟ್‌ಮನ್ ಮನೆಗೇ ತಂದುಕೊಡುತ್ತಾನೆ. ಅಕ್ಕಾವ್ರ ಹೆಸರು ಕೇಳಲು ಆಗಲಿಲ್ಲ, ಹಿಂದೆ ಸರದಿ ಅಷ್ಟಿತ್ತು. ಶರಣ್ರಿ ಅಕ್ಕಾವ್ರೆ.