ಎಲ್ಲ ರಿಮೋಟ್ ಅಂದೆಯಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಕಣಭೌತಶಾಸ್ತ್ರ ಬಿಟ್ಟು, ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನದ (ಫ್ಯೂಷನ್) ಕಡೆ ಹೊರಳಲೋ ಬೇಡವೋ ಎಂದು ಕೇಳಿದ್ದೀಯ. ಹೋಗು. ಅದರಲ್ಲಿ ನನಗೆ ಅನುಮಾನವಿಲ್ಲ. ಚಿಂತೆ ಹುಟ್ಟಿಸಿದ್ದು ನೀನು ಕೊನೆಯಲ್ಲಿ ಬರೆದ ಸಾಲು: "ಎಲ್ಲ ರಿಮೋಟ್ ಮಾವ, ಯಂತ್ರದ ಹತ್ತಿರ ಹೋಗುವ ಪ್ರಮೇಯವೇ ಇಲ್ಲ."

ನಿನ್ನ ಕೈ ಪಳಗಿರುವುದು ಬೇರೆ ಥರದ ಡೇಟಾದಲ್ಲಿ. ಜಿನೀವಾದ ದೈತ್ಯ ಕಣವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಗೊಂಚಲುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರಾಗುತ್ತವೆ. ಒಂದು ಡಿಕ್ಕಿಯ ಡೇಟಾ ಕೆಟ್ಟರೆ ಬಿಸಾಡಿದರಾಯಿತು, ಹಿಂದೆ ಬೇಕಾದಷ್ಟು ಬರುತ್ತವೆ. ಕುದಿಯುವ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶದ ಅನಿಲವನ್ನು, ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಳನ ಯಂತ್ರ ಟೋಕಮಾಕ್‌ನಲ್ಲಿ ಆ ಶ್ರೀಮಂತಿಕೆ ಇಲ್ಲ. ಎಷ್ಟೋ ಯಂತ್ರಗಳಲ್ಲಿ ಒಂದು ಶಾಟ್, ಅಂದರೆ ಪ್ಲಾಸ್ಮಾ ಎಬ್ಬಿಸುವ ಒಂದು ಸಲದ ಪ್ರಯೋಗ, ಕೆಲವೇ ಸೆಕೆಂಡು. ಆಮೇಲೆ ಕಾಂತದ ಸುರುಳಿ ತಣಿಯಬೇಕು, ಹತ್ತು ಹದಿನೈದು ನಿಮಿಷ ಕಾಯಬೇಕು. ಈ ಶಾಟ್‌ನಲ್ಲಿ ಗೋಡೆ ಹೀರಿಕೊಂಡ ಅನಿಲ ಮುಂದಿನದರಲ್ಲಿ ಹೊರಬಿದ್ದು ಲೆಕ್ಕ ಕೆಡಿಸುತ್ತದೆ. ಸೆಟ್ಟಿಂಗ್ ಒಂದೇ ಇದ್ದರೂ ಬೆಳಗಿನ ಪ್ಲಾಸ್ಮಾ ಬೇರೆ, ಸಂಜೆಯದು ಬೇರೆ. ಗೋಡೆಗೆ ನೆನಪಿದೆ ಅನ್ನುತ್ತಾರೆ ನಮ್ಮವರು. ನಿನಗೆ ಸಿಗುವುದು ಆ ಹತ್ತು ನಿಮಿಷ. ಅಷ್ಟರಲ್ಲಿ ಗ್ರಾಫ್ ಓದಿ, ಮುಂದಿನ ಶಾಟ್‌ಗೆ ಏನು ಬದಲಾಯಿಸಬೇಕೆಂದು ಅಲ್ಲಿ ಪ್ರಯೋಗ ನಡೆಸುವ ಸೆಷನ್ ಲೀಡರ್‌ಗೆ ಹೇಳಬೇಕು.

ಹೇಳಬೇಕು ಅಷ್ಟೇ, ಮಾಡುವುದು ಅವರು. ದೂರದಿಂದ ಪ್ರಯೋಗ ಎಂದರೆ ಸ್ಟೀರಿಂಗ್ ಕೈಗೆ ಬಂತು ಅಂದುಕೊಳ್ಳಬೇಡ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 10,000 ಕಿಲೋಮೀಟರ್ ದಾಟಲು 50 ಮಿಲಿಸೆಕೆಂಡು. ಡಿಸ್ರಪ್ಷನ್ ಆದಾಗ, ಅಂದರೆ ಪ್ಲಾಸ್ಮಾ ಹಿಡಿತ ತಪ್ಪಿ ಥಟ್ಟನೆ ಕುಸಿದಾಗ, ಅದರ ಶಾಖ ಸೋರಿಹೋಗಲು ಒಂದೆರಡು ಮಿಲಿಸೆಕೆಂಡು ಸಾಕು. ನಿನ್ನ ಪರದೆಗೆ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೇ ಫೀಡ್‌ಬ್ಯಾಕ್ ನಿಯಂತ್ರಣ, ಅಪಾಯ ಕಂಡರೆ ತಾನೇ ತಡೆಯುವ ಇಂಟರ್‌ಲಾಕ್ ಎಲ್ಲ ಯಂತ್ರದ ಪಕ್ಕದಲ್ಲೇ ಇರುತ್ತವೆ.

ಹಾಗಂತ ಈ ಪದ್ಧತಿ ಹಗುರವಾದದ್ದಲ್ಲ. ಚೀನಾದ ಹೆಫೈನಲ್ಲಿರುವ ಈಸ್ಟ್ ಎಂಬ ಟೋಕಮಾಕ್ ಯಂತ್ರವನ್ನು, ಅಲ್ಲಿ ರಾತ್ರಿಯಾದಾಗ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹಗಲು ಕೂತವರು ಬಳಸಿದ್ದಾರೆ. ಮೂರನೇ ಶಿಫ್ಟ್ ಅಂತ ಅದಕ್ಕೆ ಹೆಸರು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಎಂಬ ಬೃಹತ್ ಟೋಕಮಾಕ್‌ಗಾಗಿ ಜಪಾನಿನ ರೊಕ್ಕಾಶೋದಲ್ಲಿ ದೂರಪ್ರಯೋಗಕ್ಕೆಂದೇ ಒಂದು ಕೇಂದ್ರವಿದೆ. ನಿನ್ನ ತಲೆಮಾರಿನ ಕೆಲಸ ಹೀಗೆಯೇ ನಡೆಯುವುದು.

ಈಗ ನನ್ನ ಪೆದ್ದುತನ ಕೇಳು. ಬೇರೆ ಖಂಡದ ಒಂದು ಯಂತ್ರದ ಮೇಲೆ ದೂರದಿಂದ ಶಿಫ್ಟ್ ಕೂತಿದ್ದೆ. ಪ್ಲಾಸ್ಮಾದ ಸಾಂದ್ರತೆ ಶಾಟ್‌ನಿಂದ ಶಾಟ್‌ಗೆ ಇಳಿಯುತ್ತಿತ್ತು. ಗೋಡೆ ಅನಿಲ ಕುಡಿಯುತ್ತಿದೆ, ಇನ್ನಷ್ಟು ಬಿಡಿ ಅಂದೆ. ಬಿಟ್ಟರು. ಮತ್ತೂ ಬಿಡಿ ಅಂದೆ. ಮೂರನೆಯದು ಡಿಸ್ರಪ್ಟ್ ಆಯಿತು. ನಿಜದಲ್ಲಿ ಸಾಂದ್ರತೆ ಇಳಿದೇ ಇರಲಿಲ್ಲ. ಸಾಂದ್ರತೆ ಅಳೆಯುವ ಇಂಟರ್‌ಫೆರೋಮೀಟರ್‌ನ ಕನ್ನಡಿ ತುಸು ಸರಿದು ಬೆಳಕಿನ ಪಟ್ಟಿಗಳ (ಫ್ರಿಂಜ್) ಎಣಿಕೆ ತಪ್ಪುತ್ತಿತ್ತು. ಬೆಳಿಗ್ಗೆ ಕನ್ನಡಿ ಮುಟ್ಟಿದ್ದನ್ನು ಅವರ ಲಾಗ್‌ಬುಕ್‌ನಲ್ಲಿ ಬರೆದಿದ್ದರು, ಅವರ ಭಾಷೆಯಲ್ಲಿ. ನಾನು ಓದಿಸಿಕೊಂಡಿರಲಿಲ್ಲ. ಆ ಕೋಣೆಯಲ್ಲಿದ್ದ ಟೆಕ್ನಿಷಿಯನ್‌ಗೆ ಅದು ಗೊತ್ತಿತ್ತು. ನನಗೆ ಅವರ ಹೆಸರೂ ಗೊತ್ತಿರಲಿಲ್ಲ.

ನಿನ್ನ ಕ್ಷೇತ್ರದಲ್ಲೂ ಇದು ಆಗಿದೆಯಲ್ಲ. 2011ರಲ್ಲಿ ಇಟಲಿಯಲ್ಲಿ ಒಪೆರಾ ತಂಡ ಅಳೆದ ನ್ಯೂಟ್ರಿನೋ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡು ಮುಂಚೆ ಬಂದವು ಎಂದು ಲೋಕವೆಲ್ಲ ಗುಲ್ಲೆದ್ದಿತು. ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್. ಆ ತಂಡದ ಮೇಲೆ ನನಗೆ ಗೌರವವೇ ಇದೆ, ತಪ್ಪನ್ನು ಹುಡುಕಿ ತಾವೇ ಹೇಳಿದರು.

ಟೋಕಮಾಕ್ ಲೋಕಮಾನ್ಯವಾದದ್ದೂ ದೂರದ ಅಂಕಿಯನ್ನು ಯಾರೂ ನಂಬದಿದ್ದರಿಂದ. 1968ರಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ಟಿ-3 ಯಂತ್ರದಲ್ಲಿ ಸುಮಾರು 1 ಕೋಟಿ ಡಿಗ್ರಿ ತಾಪಮಾನ ಬಂದಿದೆ ಎಂದಾಗ ಪಶ್ಚಿಮದವರು ಹುಬ್ಬೇರಿಸಿದರು. ಕೊನೆಗೆ ಬ್ರಿಟನ್ನಿನ ಕಲ್ಹಾಮ್ ಪ್ರಯೋಗಾಲಯದ ತಂಡ, ಶೀತಲ ಸಮರದ ನಡುವೆಯೇ, ತನ್ನ ಲೇಸರ್ ಸಲಕರಣೆ ಹೊತ್ತು ಮಾಸ್ಕೋಗೆ ಹೋಗಿ 1969ರಲ್ಲಿ ತಾನೇ ಅಳೆದು ನೋಡಿತು. ಅಂಕಿ ನಿಜವಾಗಿತ್ತು!

ಆದ್ದರಿಂದ ಸೇರುವ ಮೊದಲೇ ಒಂದು ಷರತ್ತು ಹಾಕು: ಶುರುವಿನ ಒಂದು ತಿಂಗಳಾದರೂ ಯಂತ್ರವಿರುವಲ್ಲಿ ಇರುತ್ತೇನೆ ಅಂತ. ನೀನು ಬಳಸುವ ಒಂದೊಂದು ಸಿಗ್ನಲ್ ಯಾವ ಕಿಟಕಿಯಿಂದ ಹೊರಟು ಯಾವ ಕೇಬಲ್ ಹಿಡಿದು ಬರುತ್ತದೆ ಎಂದು ನಡೆದು ನೋಡು. ಕೇಬಲ್ ಎಳೆದವರ ಜೊತೆ ಕೂತು ಊಟ ಮಾಡು. ಅವರ ಲಾಗ್‌ಬುಕ್ ಓದುವಷ್ಟು ಅವರ ಭಾಷೆ ಕಲಿ.

ಅಲ್ಲಿಯವರೆಗೆ ಕೈ ಪಳಗಿಸಲು ಪ್ರಾಗ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಗೊಲೆಮ್ ಇದೆ. ಮಾಸ್ಕೋದಲ್ಲಿ ಹುಟ್ಟಿದ ಮುದಿ ಟೋಕಮಾಕ್, ಈಗ ವಿದ್ಯಾರ್ಥಿಗಳು ಇಂಟರ್ನೆಟ್ ಮೂಲಕ ಶಾಟ್ ಹಾರಿಸುತ್ತಾರೆ. ನಿನ್ನ ಮೊದಲ ಹತ್ತು ಶಾಟ್‌ಗಳ ಟಿಪ್ಪಣಿ ನನಗೆ ಕಳಿಸು, ಕೆಟ್ಟವನ್ನೂ ಸೇರಿಸಿ. ಕಣ್ಣು ಈಗ ಮಂಜು, ಗ್ರಾಫಿನ ಗೆರೆಗಳನ್ನು ದಪ್ಪಗೆ ಎಳೆ.

ಇಂತು,
ನಿನ್ನ ಸೋದರಮಾವ