ಮಂಡ್ಯದ ಮರೆವಿನ ಕ್ಲಿನಿಕ್ ವಹಿಸಿಕೊಂಡ ಮಗಳಿಗೆ

ಮೈಸೂರು

ಪ್ರೀತಿಯ ಮಗಳೇ,

ಕ್ಲಿನಿಕ್ಕಿನ ಹೊಣೆ ನಿನಗೆ ಬಂತೆಂದು ಕೇಳಿ ಹಿಗ್ಗಿದೆ. ಕಾಯಿಲೆ ನಿನಗೆ ಚೆನ್ನಾಗಿ ಗೊತ್ತು. ತಂಡ ನಡೆಸುವುದು ಬೇರೆಯೇ ಕೆಲಸ. ನೀನು, ಮನೋವೈದ್ಯರು, ಸೈಕಾಲಜಿಸ್ಟ್, ನರ್ಸ್, ಸ್ಪೀಚ್ ಥೆರಪಿಸ್ಟ್, ಸಮಾಜ ಕಾರ್ಯಕರ್ತೆ ಆರು ಕೋಣೆಗಳಲ್ಲಿ ಸಾಲಾಗಿ ಕೂತರೆ, ಮನೆಯವರು ಆರು ಚೀಟಿ ಹಿಡಿದು, ಯಾವುದು ಮೊದಲು ಎಂದು ತಿಳಿಯದೆ ಊರಿನ ಬಸ್ಸು ಹತ್ತುತ್ತಾರೆ. ಆರೂ ಜನ ಒಂದು ಮೇಜಿಗೆ ಬಂದು ಒಂದೇ ಹಾಳೆ ಕೊಡಬೇಕು.

ಮೊದಲ ಭೇಟಿಗೆ ಒಂದೂವರೆ ಗಂಟೆ ಇಡು. ದಿನ ಗೊತ್ತುಮಾಡುವಾಗಲೇ ಫೋನಿನಲ್ಲಿ ಹೇಳಿಸು: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ತನ್ನಿ, ಕನ್ನಡಕ ಮರೆಯಬೇಡಿ, ದಿನಾ ಊಟ ಹಾಕುವವರೇ ಜೊತೆಗೆ ಬನ್ನಿ. ಬೆಂಗಳೂರಿಂದ ರಜೆ ಹಾಕಿ ಬಂದ ಮಗ ‘ವಯಸ್ಸಾಯ್ತಲ್ಲ, ಅರಳು ಮರಳು’ ಎಂದು ಮುಗಿಸಿಬಿಡಬಹುದು. ರಾತ್ರಿ ಎರಡಕ್ಕೆ ಚಿಲಕ ತೆಗೆಯುವುದನ್ನು ಕಂಡವಳು ಸೊಸೆ, ಮಾವನ ಎದುರು ಅವಳು ಬಾಯಿ ಬಿಡುವುದಿಲ್ಲ. ಒಳಗೆ ಸೈಕಾಲಜಿಸ್ಟ್ ಪರೀಕ್ಷೆ ಮಾಡುವ ಹೊತ್ತಿನಲ್ಲೇ ನರ್ಸ್ ಅವಳನ್ನು ಬೇರೆ ಕೂರಿಸಿ ಮಾತಾಡಿಸಲಿ.

ಮಾತ್ರೆ ಚೀಲವನ್ನು ಮೇಜಿನ ಮೇಲೆ ಸುರಿದು ನೋಡಿ. ನರನೋವಿಗೆ ಅಮಿಟ್ರಿಪ್ಟಿಲಿನ್, ನೆಗಡಿಗೆ ಕ್ಲೋರ್ಫೆನಿರಮಿನ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್: ಮೂರೂ ಮರೆವನ್ನು ಹೆಚ್ಚಿಸುತ್ತವೆ. ಅವು ಮುಂದುವರಿಯುತ್ತಿರುವಾಗಲೇ ನೆನಪಿಗೆಂದು ಕೊಡುವ ಡೊನೆಪೆಜಿಲ್ ಬರೆದರೆ ಒಂದು ಔಷಧಿ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ.

ನೆನಪಿನ ಪರೀಕ್ಷೆಗೆ ಮುಂಚೆ ಕಿವಿ ನೋಡಿಸು. ಪ್ರಶ್ನೆ ಕೇಳಿಸದವರಿಗೂ ಅಂಕ ಕಡಿಮೆಯೇ ಬರುತ್ತದೆ. ಗುಗ್ಗೆ ಇದ್ದರೆ ಅಲ್ಲೇ ತೆಗೆಸು, ಶ್ರವಣ ಸಾಧನ ಬೇಕಾದವರನ್ನು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕಳಿಸು. ಶಾಲೆಗೆ ಹೋಗದವರ ಕೈಗೆ ಪೆನ್ಸಿಲ್ ಕೊಟ್ಟು ಗಡಿಯಾರ ಬರೆಯಿರಿ ಎಂದರೆ ಅಳೆದದ್ದು ಅಕ್ಷರವನ್ನು, ನೆನಪನ್ನಲ್ಲ. ಓದು ಬಾರದವರಿಗೆಂದೇ ಹೊಂದಿಸಿದ ಎಚ್‌ಎಂಎಸ್‌ಇ ಎಂಬ ಹಿಂದಿ ಪರೀಕ್ಷೆಯ ಮಾದರಿಯ ಪ್ರಶ್ನೆಗಳನ್ನೂ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಕನ್ನಡ ಪರೀಕ್ಷಾ ಸರಣಿಯನ್ನೂ ಬಳಸಿ. ಅದರ ಜೊತೆಗೆ ಮನೆಯವರನ್ನು ಕೇಳಿ: ಆಳುಗಳ ಬಟವಾಡೆ ಲೆಕ್ಕ ತಪ್ಪುತ್ತಿದೆಯೇ? ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿದೆಯೇ? ಮೊದಲು ಹೀಗಿರಲಿಲ್ಲವೇ?

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್, ಸೋಡಿಯಂ, ಬಿ12 ಬಿಡಬೇಡ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡ ಸಕ್ಕರೆ ಕಾಯಿಲೆಯವರಲ್ಲಿ ಬಿ12 ಕುಸಿದಿರಬಹುದು. ಕೆಲವು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದವರು ಈಗ ಮಂಕಾಗಿದ್ದರೆ ಅಂದೇ ಸಿಟಿ ಸ್ಕ್ಯಾನ್ ಆಗಲಿ, ತಲೆಯೊಳಗೆ ರಕ್ತ ಕಟ್ಟಿರಬಹುದು. ಎರಡು ಮೂರು ದಿನದಲ್ಲಿ ದಿಢೀರನೆ ಗಲಿಬಿಲಿಯಾದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಹುಡುಕಿ.

ಇನ್ನು ಮಧ್ಯಾಹ್ನದ ಸಭೆ. ಒಬ್ಬ ರೋಗಿಗೆ ಹತ್ತು ನಿಮಿಷ. ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ ಮಾತಾಡಲಿ, ನೀನು ಕೊನೆಗೆ. ಮುಖ್ಯಸ್ಥೆ ಮೊದಲೇ ‘ಇದು ಅಲ್ಜೈಮರ್ಸ್’ ಅಂದುಬಿಟ್ಟರೆ, ಅಜ್ಜನಿಗೆ ಇಲ್ಲದ ಮಕ್ಕಳು ಕಣ್ಣಿಗೆ ಕಾಣುತ್ತಾರೆ, ನಡಿಗೆ ನಿಧಾನವಾಗಿದೆ ಎಂದು ಸೊಸೆ ಹೇಳಿದ್ದು ನರ್ಸಿನ ಪುಸ್ತಕದಲ್ಲೇ ಉಳಿಯುತ್ತದೆ. ಅದು ಮರೆವಿನ ಇನ್ನೊಂದು ಬಗೆಯಾದ ಲ್ಯೂಯಿ ಬಾಡಿ ಕಾಯಿಲೆಯಾಗಿದ್ದು, ರಾತ್ರಿ ಗಲಾಟೆಗೆಂದು ಯಾರಾದರೂ ಮನೋರೋಗದ ಔಷಧಿ ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಸೆಟೆದುಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಈ ಒಂದು ಕಾರಣಕ್ಕಾದರೂ ಸಭೆಯನ್ನು ಯಾವ ಒತ್ತಡಕ್ಕೂ ರದ್ದು ಮಾಡಬೇಡ.

ಹಾಳೆ ಕನ್ನಡದಲ್ಲಿರಲಿ, ದಪ್ಪ ಅಕ್ಷರದಲ್ಲಿ: ಕಾಯಿಲೆ ಏನು, ಯಾವ ಮಾತ್ರೆ ಯಾವಾಗ, ಯಾವುದನ್ನು ನಿಲ್ಲಿಸಬೇಕು, ಯಾರಿಗೆ ಫೋನ್ ಮಾಡಬೇಕು. ಮನೆಯ ಮಾತು ಆಯಾ ಮನೆಗೆ ತಕ್ಕಂತಿರಲಿ. ನಾಲೆ ಪಕ್ಕದ ಊರಾದರೆ ಬಾಗಿಲಿಗೆ ಮೇಲ್ಗಡೆ ಚಿಲಕ, ಅಂಗಿಯ ಒಳಗೆ ಹೊಲಿದ ಫೋನ್ ನಂಬರ್. ಗದ್ದೆಗೆ ಹೊಡೆಯುವ ಔಷಧಿ ಡಬ್ಬಕ್ಕೆ ಬೀಗ. ಅಡುಗೆಯಾದ ಮೇಲೆ ಗ್ಯಾಸ್ ರೆಗ್ಯುಲೇಟರ್ ಬಂದ್. ಕಾಯಿಲೆ ಬಲಿತಂತೆ ಮುದ್ದೆಯೇ ಅಪಾಯ. ಅಗಿಯದೆ ನುಂಗುವ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಊಟದ ನಡುವೆ ಕೆಮ್ಮು, ಗಂಟಲಲ್ಲಿ ನೀರು ನಿಂತಂತಹ ಒದ್ದೆ ದನಿ ಕಂಡರೆ ಸ್ಪೀಚ್ ಥೆರಪಿಸ್ಟ್ ನುಂಗುವುದನ್ನು ಪರೀಕ್ಷಿಸಲಿ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಮೆತ್ತಗಿನ ಊಟ, ಚಿಕ್ಕ ತುತ್ತು, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸದಿರುವುದು.

ಡೊನೆಪೆಜಿಲ್‌ಗೆ ಮುಂಚೆ ಇಸಿಜಿ ನೋಡು, ಹೃದಯದ ಬಡಿತ ನಿಧಾನವಿದ್ದರೆ ಬೇಡ. 5 ಮಿ.ಗ್ರಾಂನಿಂದ ಶುರುಮಾಡಿ ನಾಲ್ಕರಿಂದ ಆರು ವಾರ ಬಿಟ್ಟು 10ಕ್ಕೆ ಏರಿಸುವುದು ವಾಡಿಕೆ. ಮೊದಲ ದಿನಗಳಲ್ಲೇ ಭೇದಿ, ಕೆಟ್ಟ ಕನಸು ಬಂದು ಮನೆಯವರು ಸದ್ದಿಲ್ಲದೆ ಮಾತ್ರೆ ನಿಲ್ಲಿಸುತ್ತಾರೆ. ಎರಡನೇ ವಾರ ನರ್ಸ್ ತಾನೇ ಫೋನ್ ಮಾಡಲಿ. ಕನಸಿನ ತೊಂದರೆಯಾದರೆ ಮಾತ್ರೆ ಬೆಳಿಗ್ಗೆಗೆ. ಅದೇ ಫೋನಿನಲ್ಲಿ ಸೊಸೆಯನ್ನು, ‘ನೀವು ರಾತ್ರಿ ಎಷ್ಟು ಹೊತ್ತು ಮಲಗ್ತೀರಮ್ಮ?’ ಎಂದೂ ಕೇಳಲಿ. ಅವಳು ಕುಸಿದರೆ ಆ ಮನೆಯಲ್ಲಿ ಯಾವ ಚಿಕಿತ್ಸೆಯೂ ನಡೆಯುವುದಿಲ್ಲ. ವಾರಕ್ಕೆರಡು ಮಧ್ಯಾಹ್ನ ನಾದಿನಿಯೋ ಮೈದುನನೋ ಬಂದು ಕೂರುವ ಏರ್ಪಾಡನ್ನು ಸಮಾಜ ಕಾರ್ಯಕರ್ತೆ ಮನೆಯವರೆಲ್ಲರ ಎದುರು ಮಾತಾಡಿ ಗೊತ್ತುಮಾಡಲಿ.

ಆರಂಭದಲ್ಲಿ ದಿನಕ್ಕೆ ನಾಲ್ವರು ಹೊಸಬರು ಸಾಕು. ಐದನೆಯವರನ್ನು ಸೇರಿಸಿದ ದಿನ ಮೊದಲು ತಪ್ಪುವುದು ಆ ಫೋನು.

ನಿನ್ನ ಅಮ್ಮ