ಮಳೆ ಲೆಕ್ಕ ತಪ್ಪಿದರೆ ಸಿಡಿಲನ್ನೇ ಬಯ್ಯಬೇಡಿ

ಸಂಪಾದಕರೇ,

ಕೊಡಗಿನ ತೋಟಗಳಲ್ಲಿ ಮಳೆ ಅಳೆಯುವ ಸೆನ್ಸರ್ ಲೆಕ್ಕ ತಪ್ಪಿದರೆ ಎಲ್ಲರೂ ಸಿಡಿಲನ್ನೋ ಕರೆಂಟನ್ನೋ ಬಯ್ಯುತ್ತಾರೆ. ಸೆನ್ಸರ್‌ನಿಂದ ರೀಡಿಂಗ್ ತರುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಬರೆದವರನ್ನು ಯಾರೂ ಕೇಳುವುದಿಲ್ಲ! ಡಿಎಂಎ (ಡೈರೆಕ್ಟ್ ಮೆಮೊರಿ ಆಕ್ಸೆಸ್) ಇದ್ದರೆ ಸಾಧನ ಪ್ರೊಸೆಸರನ್ನು ಕಾಯದೆ ನೇರ ಮೆಮೊರಿಗೇ ಬರೆಯುತ್ತದೆ. ಪ್ರೊಸೆಸರ್ ಮಾತ್ರ ಮೆಮೊರಿಯ ನಕಲನ್ನು ಕ್ಯಾಶ್ ಎಂಬ ತನ್ನ ವೇಗದ ಚಿಕ್ಕ ಮೆಮೊರಿಯಲ್ಲಿ ಇಟ್ಟುಕೊಂಡು ಓದುತ್ತದೆ, ಅದೂ ಕ್ಯಾಶ್ ಲೈನ್ ಎಂಬ ತುಂಡುಗಳ ಲೆಕ್ಕದಲ್ಲಿ. ಅನೇಕ ಚಿಪ್‌ಗಳಲ್ಲಿ ಒಂದು ತುಂಡು 64 ಬೈಟ್. ರೀಡಿಂಗ್ ಬಂದು ಬೀಳುವ ಮೆಮೊರಿ ಜಾಗ, ಅಂದರೆ ಬಫರ್, ಲೈನ್‌ನ ಗಡಿಯಲ್ಲಿ ಶುರುವಾಗದೆ ಪಕ್ಕದ ವೇರಿಯಬಲ್ ಜೊತೆ ಒಂದೇ ಲೈನ್ ಹಂಚಿಕೊಂಡರೆ, ಕ್ಯಾಶನ್ನು ಹಾರ್ಡ್‌ವೇರೇ ಸರಿದೂಗಿಸದ ಚಿಪ್‌ನಲ್ಲಿ, ಹೊಸ ರೀಡಿಂಗ್ ಮೇಲೆ ಹಳೆಯದೇ ಬಂದು ಕೂರಬಹುದು. ಅದೂ ಯಾವಾಗಲೋ ಒಮ್ಮೆ, ಟೆಸ್ಟಿಂಗ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಕೆಮ್ಯಾಲಕ್ (kmalloc) ಎಂಬ ಫಂಕ್ಷನ್ ಕೊಡುವ ಬಫರನ್ನು ಡಿಎಂಎಗೆ ಬಳಸಬಹುದು. ಸ್ಟಾಕ್ ಮೇಲೆ, ಅಂದರೆ ಫಂಕ್ಷನ್‌ನ ತಾತ್ಕಾಲಿಕ ಜಾಗದಲ್ಲಿ, ಸುಮ್ನೆ ಇಟ್ಟ ಅರೇ ಹಾಗಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಇದನ್ನು ಬಾಯಲ್ಲಿ ಹೇಳದೆ ಲ್ಯಾಬ್‌ನಲ್ಲಿ ಬೋರ್ಡ್ ಇಟ್ಟು ಮಾಡಿಸಬೇಕು, ಅಲ್ವಾ?

– ಓದುಗ, ಮಡಿಕೇರಿ